ಲೇಬಲ್ ಕೆರೆದ ರೆಕಾರ್ಡು

ಕಿಂಗ್‌ಸ್ಟನ್, ಸೋಮವಾರ, 1964

ಅಮ್ಮಾ,

ವರ್ನಲ್ ಅಣ್ಣ ಟ್ರಾಂಬೋನ್ ಊದಿದ ರೆಕಾರ್ಡನ್ನು, ಇಲ್ಲಿ ಈಗ ಎಲ್ಲರೂ ಕುಣಿಯುವ ಸ್ಕಾ ಸಂಗೀತದ್ದು, ನಿನ್ನೆ ಮಧ್ಯಾಹ್ನ ನಮ್ಮ ಬೀದಿಯ ಕುಣಿತದಲ್ಲಿ ಮೊದಲ ಸಲ ಹಾಕಿದರು. ದೊಡ್ಡ ಸ್ಪೀಕರ್ ಇಟ್ಟು ಜನರನ್ನು ಕುಣಿಸುವ ಬೇರೆ ಸೌಂಡ್ ಸೆಟ್ಟಿನವರಿಗೆ ಇದು ಯಾವ ರೆಕಾರ್ಡೆಂಬ ಗುಟ್ಟು ತಿಳಿಯಬಾರದೆಂದು ಇಲ್ಲಿ ಲೇಬಲನ್ನು ಕೆರೆದುಬಿಡುತ್ತಾರೆ. ಹಾಗಾಗಿ ಊದಿದವರು ಯಾರೆಂದು ಜನರಿಗೆ ಗೊತ್ತಾಗಲಿಲ್ಲ.

"ಇದು ಅಮೆರಿಕದ ಮಾಲು. ನಮ್ಮೋರಿಗೆ ಇಷ್ಟು ಉಸಿರು ಎಲ್ಲಿಂದ ಬರ್ಬೇಕು?" ಎಂದ ಬಡಗಿ ಎಗ್ಬರ್ಟ್.

"ಊದಿದ್ದು ನಮ್ಮಣ್ಣ," ಎಂದೆ.

"ಹೌದೌದು, ಡ್ರಮ್ ಬಾರಿಸಿದ್ದು ನಮ್ಮಜ್ಜಿ."

ಎಲ್ಲರೂ ನಕ್ಕರು. ಟ್ರಾಂಬೋನ್ ಪೆಟ್ಟಿಗೆ ಜೊತೆಗಿದ್ದರೂ ತುಟಿ ಬಾತಿದ್ದರಿಂದ ಊದಿ ತೋರಿಸಲಾಗದೆ ಅಣ್ಣ ತಲೆ ತಗ್ಗಿಸಿದ.

ಆ ರಾಗ, ನೀವೆಲ್ಲ ಗೆಡ್ಡೆಯ ಹೊಲ ಅಗೆಯುವಾಗ ಹಾಡುತ್ತೀರಲ್ಲ, ಅದೇ. ರೆಕಾರ್ಡು ತಿರುಗುತ್ತಿದ್ದಂತೆಯೇ ನೀನು ಮೊದಲು ಎತ್ತಿ ಹೇಳುವ ಸಾಲನ್ನು ನಾನು ಗಟ್ಟಿಯಾಗಿ ಹಾಡಿದೆ. ಮೀನು ಕರಿಯುತ್ತಿದ್ದ ನಮ್ಮ ಗುಡ್ಡದ ಕಡೆಯ ಹೆಂಗಸರು ಕೂಡಲೇ ಮರುಸಾಲು ಎತ್ತಿಕೊಂಡರು. ಒಂದು ಕಡೆಯೂ ತಾಳ ತಪ್ಪಲಿಲ್ಲ.

"ಏನಪ್ಪಾ ಎಗ್ಬರ್ಟ್, ಅಮೆರಿಕದೋರಿಗೆ ನಮ್ಮ ಹೊಲದ ಹಾಡು ಹೇಳ್ಕೊಟ್ಟೋರ್ಯಾರು?" ಎಂದು ಮಿಸ್ ಅಯೋನಾ ಸೌಟು ಹಿಡಿದೇ ಕೇಳಿದಳು.

ಆಮೇಲೆ ಅದೇ ರೆಕಾರ್ಡನ್ನು ಒಂಬತ್ತು ಸಲ ಹಾಕಿಸಿದರು.

ಅಣ್ಣನ ತುಟಿಯ ಬಾವು ಇವತ್ತು ಇಳಿದಿದೆ, ಔಷಧಿ ಕಳಿಸಬೇಡ. ಕಾಗದದಲ್ಲಿ ಜಾಗ ಮುಗಿಯಿತು, ಇದೊಂದು ಹೇಳಿಬಿಡುತ್ತೇನೆ: ಸಂಜೆ ಅಣ್ಣನ ಟ್ರಾಂಬೋನ್ ಪೆಟ್ಟಿಗೆಯನ್ನು ಬೇರೆ ಯಾರಿಗೂ ಮುಟ್ಟಲು ಬಿಡದೆ ಮನೆಯವರೆಗೆ ಹೊತ್ತು ತಂದವನು ಎಗ್ಬರ್ಟ್.

ನಿನ್ನ ಮರ್ಲೀನ್