ಅರವತ್ತೊಂದನೇ ಪುಟದ ‘ಎಲ್ಲಿ?’

ಡೇಟಾಬೇಸ್ ಕಲಿಕೆಯ ಕನ್ನಡ ಕೈಪಿಡಿಯನ್ನು ಪರಿಶೀಲಿಸಿ ಸಹಿ ಹಾಕಿದ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕೈಪಿಡಿಯ ಅರವತ್ತೊಂದನೇ ಪುಟದಲ್ಲಿ ತಪ್ಪಿದೆ. ಆ ತಪ್ಪಿನಿಂದ ನನ್ನ ಗೆಳತಿ ಗಜಾಲಾ ಕೆಲಸ ಕಳೆದುಕೊಂಡಳು. ಇದನ್ನು ಎರಡು ಸಲ ಬರೆದು ತಿಳಿಸಿದೆ. ‘ಕೈಪಿಡಿಯನ್ನು ತಜ್ಞರು ಪರಿಶೀಲಿಸಿರುತ್ತಾರೆ’ ಎಂಬ ಒಂದೇ ಸಾಲಿನ ಉತ್ತರ ಎರಡು ಸಲವೂ ಬಂತು. ಮೂರನೆಯದನ್ನು ಎಲ್ಲರೂ ಓದಲಿ ಎಂದು ಹೀಗೆ ಬರೆಯುತ್ತಿದ್ದೇನೆ. ಕೋಪ ಬರಬೇಕಿತ್ತು. ಈಗೀಗ ಅದೂ ಬರುತ್ತಿಲ್ಲ.

ನಾವಿಬ್ಬರೂ ಯಲಹಂಕದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲೆ ಡೇಟಾ ಎಂಟ್ರಿ ಮಾಡುತ್ತಿದ್ದೆವು. ಉಚಿತ ಡಯಾಲಿಸಿಸ್‌ಗೆ ಕಾಯುವವರ ಪಟ್ಟಿ ನಮ್ಮ ಜವಾಬ್ದಾರಿ. ಆರು ತಿಂಗಳೊಳಗೆ ಡೇಟಾಬೇಸ್ ಪ್ರೋಗ್ರಾಮಿಂಗ್ ಕಲಿತು ನಿಮ್ಮ ಕಚೇರಿಯ ಪರೀಕ್ಷೆ ಪಾಸಾದವರಿಗಷ್ಟೇ ಕೆಲಸ ಎಂದು ಕಳೆದ ವರ್ಷ ಹೇಳಿದರು. ಇಬ್ಬರೂ ಕನ್ನಡ ಮಾಧ್ಯಮದಲ್ಲಿ ಓದಿದವರು. ಹೆಬ್ಬಾಳದ ಕೋಚಿಂಗ್ ಸೆಂಟರಿನಲ್ಲಿ ಪಾಠದ ವಿಷಯ ಕೇಳಿದರೆ ಸರ್ಟಿಫಿಕೇಟಿನ ಮಾದರಿ ತೋರಿಸಿದರು. ಆರ್.ಟಿ. ನಗರದ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿದ್ದು ಫ್ಲಾಪಿ ಡಿಸ್ಕಿನ ಕಾಲದ್ದು. ಮೊಬೈಲಿನ ವಿಡಿಯೋಗಳಲ್ಲಿ ‘ಎಲ್ಲರಿಗೂ ನಮಸ್ಕಾರ’ ಎಂಬುದಷ್ಟೇ ಕನ್ನಡ, ಉಳಿದ ನಲವತ್ತು ನಿಮಿಷ ಇಂಗ್ಲಿಷ್. ಕೊನೆಗೆ ಸಿಕ್ಕಿದ್ದು ನಿಮ್ಮ ಉಚಿತ ಕೈಪಿಡಿ. ಗಜಾಲಾ ಅದಕ್ಕೆ ಬೈಂಡು ಹಾಕಿ ಹೆಸರು ಬರೆದಳು.

ಡೇಟಾಬೇಸಿನಲ್ಲಿ ‘ಟೇಬಲ್’ ಎಂದರೆ ಪಟ್ಟಿ. ನೀವು ಅದನ್ನು ಮೇಜು ಮಾಡಿದ್ದೀರಿ. ‘ಮೇಜಿನೊಳಗೆ ರೋಗಿಗಳನ್ನು ಸೇರಿಸಿ’ ಎಂಬ ಸಾಲು ಓದಿ ಊಟದ ಹೊತ್ತಿನಲ್ಲಿ ನಕ್ಕಿದ್ದೆವು. ಇಂಗ್ಲಿಷಿನಿಂದ ಯಂತ್ರ ಅನುವಾದಿಸಿದಂತಿದೆ. ಸಹಿ ಹಾಕುವ ಮೊದಲು ಮನುಷ್ಯರೊಬ್ಬರಾದರೂ ಇದನ್ನು ಓದಿದ್ದರೇ? ಅರವತ್ತೊಂದನೇ ಪುಟದಲ್ಲಿರುವುದು ಹೆಸರು ಅಳಿಸುವ ಆಜ್ಞೆ. ಮೊದಲ ಸಾಲು ಇಂಗ್ಲಿಷಿನಲ್ಲಿ ಸರಿಯಾಗಿಯೇ ಇದೆ. ಯಾರ ಹೆಸರನ್ನು ಅಳಿಸಬೇಕು ಎಂದು ಹೇಳುವ ಎರಡನೇ ಸಾಲು ‘ವೇರ್’ ಎಂಬ ಪದದಿಂದ ಶುರುವಾಗಬೇಕು. ಆ ಸಾಲಿಲ್ಲದಿದ್ದರೆ ಎಲ್ಲರ ಹೆಸರೂ ಅಳಿಸಿಹೋಗುತ್ತದೆ. ನಿಮ್ಮ ಪುಟದಲ್ಲಿ ಅಲ್ಲಿರುವುದು ಆ ಪದದ ಅನುವಾದ, ‘ಎಲ್ಲಿ?’ ಎಂಬ ಒಂದೇ ಪದ, ಪ್ರಶ್ನಾರ್ಥಕ ಚಿಹ್ನೆ ಸಮೇತ.

ಜನವರಿಯ ಒಂದು ಸೋಮವಾರ ಬೆಳಿಗ್ಗೆ, ಕೆಂಪಾಪುರದ ಸುಬ್ಬಮ್ಮ ತೀರಿಕೊಂಡರೆಂದು ಅವರ ಮನೆಯಿಂದ ಫೋನ್ ಬಂತು. ಕಲಿಯುತ್ತಿದ್ದೀರಲ್ಲ, ಹೆಸರು ನೀವೇ ತೆಗೆಯಿರಿ ಎಂದು ಮೇಲಿನವರು ಹೇಳಿದರು. ಗಜಾಲಾ ಕೈಪಿಡಿ ತೆರೆದಿಟ್ಟುಕೊಂಡು ಕೂತಳು. ‘ಎಲ್ಲಿ?’ ಎಂಬುದು ಓದುಗರಿಗೆ ಕೇಳಿದ ಪ್ರಶ್ನೆ ಎಂದುಕೊಂಡು ಬಿಟ್ಟಳು. ಪರದೆಯ ಮೇಲೆ ಸುಬ್ಬಮ್ಮನ ಹೆಸರಿಗೆ ಗುರುತು ಹಾಕಿ ಮೊದಲ ಸಾಲನ್ನಷ್ಟೇ ಕೊಟ್ಟಳು. ಎಂಬತ್ತಮೂರು ಹೆಸರುಗಳೂ ಹೋದವು.

“ಪದ್ಮಾ, ಒಬ್ರುದ್ದೇ ತೆಗ್ದಿದ್ದು ಕಣೇ. ಎಲ್ಲಾ ಹೋಯ್ತು,” ಎಂದಳು.

ಪಟ್ಟಿಯ ನಕಲು ಉಳಿಸಿಕೊಳ್ಳುವ ವಿಧಾನ ಎರಡನೇ ಭಾಗದಲ್ಲಿದೆ ಎನ್ನುತ್ತದೆ ಕೈಪಿಡಿ. ಎರಡನೇ ಭಾಗ ಇನ್ನೂ ಅಚ್ಚಾಗಿಲ್ಲ. ಆಸ್ಪತ್ರೆಯಲ್ಲಿದ್ದ ನಕಲು ಐದು ತಿಂಗಳು ಹಳೆಯದು.

ನಾನಾಗಿದ್ದರೆ ಸರ್ವರ್ ಕೆಟ್ಟಿದೆ ಎಂದುಬಿಡುತ್ತಿದ್ದೆ. ಗಜಾಲಾ ನೋಟ್‌ಬುಕ್ ಹಿಡಿದು, ಕಾಯುತ್ತಾ ಕೂತಿದ್ದವರ ಹತ್ತಿರ ಹೋಗಿ ಆದದ್ದನ್ನು ಆದಂತೆಯೇ ಹೇಳಿದಳು. ನಿಮಗಿಂತ ಮುಂದೆ ಯಾರಿದ್ದರು ಎಂದು ಒಬ್ಬೊಬ್ಬರನ್ನೇ ಕೇಳಿದಳು. ರಾಜಾನುಕುಂಟೆಯ ಚಿಕ್ಕಬೈರಪ್ಪನವರು ಮೂರು ತಿಂಗಳಿಂದ ಕಾಯುತ್ತಿದ್ದರು. ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ.

“ಬರ್ಕಳವ್ವ,” ಎಂದರು. “ಆ ನೀಲಿ ಸೀರೆ ಯಮ್ಮ ನಂಗಿಂತ ಮುಂದೆ ಇತ್ತು. ನಂದು ಆಮ್ಯಾಲೆ. ಇಂಗೇ ಬರ್ಕಾ.”

ಅವರು ಸುಳ್ಳು ಹೇಳಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲ. ಕೆಲವರ ಬಳಿಯಿದ್ದ ನೋಂದಣಿ ಚೀಟಿಯ ತಾರೀಖು ನೋಡಿ, ಬಾರದವರ ನಂಬರನ್ನು ಹಳೇ ನಕಲಿನಲ್ಲಿ, ಹೊರರೋಗಿಗಳ ರಿಜಿಸ್ಟರಿನಲ್ಲಿ ಹುಡುಕಿ ಫೋನ್ ಮಾಡಿ ಮೂರು ದಿನದಲ್ಲಿ ಎಂಬತ್ತೆರಡು ಹೆಸರನ್ನೂ ಸಾಲಾಗಿ ಜೋಡಿಸಿದೆವು. ಎಲ್ಲರ ಮಾತನ್ನೂ ತಾಳೆ ನೋಡಿದರೆ, ಯಾರೂ ತಮ್ಮ ಹೆಸರನ್ನು ಮುಂದಕ್ಕೆ ತಳ್ಳಿಕೊಂಡಿರಲಿಲ್ಲ. ನಾಲ್ಕನೇ ದಿನ ಗಜಾಲಾಳನ್ನು ತೆಗೆದರು. ಕಾರಣ ನಿರ್ಲಕ್ಷ್ಯ ಎಂದು ಬರೆದಿತ್ತು. ಅವಳು ಕೈಪಿಡಿ ತೋರಿಸಿದಾಗ, ಅಧಿಕಾರಿಗಳ ಸಹಿ ಇರುವ ಪುಸ್ತಕದಲ್ಲಿ ತಪ್ಪಿರುತ್ತದೆಯೇ ಎಂದು ಕೇಳಿದರಂತೆ ಮ್ಯಾನೇಜರು. ನಾನು ಪಕ್ಕದ ಕೋಣೆಯಲ್ಲಿದ್ದೆ. ಎದ್ದು ಹೋಗಲಿಲ್ಲ.

ಮಾರ್ಚಿನಲ್ಲಿ ಪರೀಕ್ಷೆ ಬರೆದೆ. ಅದೇ ಆಜ್ಞೆಯ ಮೇಲೆ ಎರಡು ಅಂಕದ ಒಂದು ಪ್ರಶ್ನೆಯಿತ್ತು. ಕೊಟ್ಟಿದ್ದ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದು ಇರಲೇ ಇಲ್ಲ. ಕೈಪಿಡಿಯಲ್ಲಿದ್ದದ್ದಕ್ಕೆ ಗುರುತು ಹಾಕಿದೆ. ತೊಂಬತ್ತೆರಡು ಅಂಕ ಕೊಟ್ಟಿರಿ. ಕೆಲಸ ಉಳಿಯಿತು.

ಗಜಾಲಾ ಈಗ ಕೊಡಿಗೇಹಳ್ಳಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದಾಳೆ. ಪರೀಕ್ಷೆಗೆ ಕಟ್ಟಿದವರು ನಿಮ್ಮ ಕೈಪಿಡಿಯ ಪ್ರತಿ ಮಾಡಿಸಲು ಅಲ್ಲಿಗೇ ಬರುತ್ತಾರೆ. ಅವಳು ಅರವತ್ತೊಂದನೇ ಪುಟ ತೆಗೆದು ‘ಎಲ್ಲಿ?’ ಎಂಬುದನ್ನು ಹೊಡೆದುಹಾಕಿ, ಸರಿಯಾದ ಸಾಲನ್ನು ಪೆನ್ನಿನಲ್ಲಿ ಬರೆದು, ಆಮೇಲೆ ಮಷಿನ್ನಿಗೆ ಇಡುತ್ತಾಳೆ. ನಾನು ಬಲ್ಲಂತೆ, ಡೇಟಾಬೇಸ್ ಕಲಿಯಲು ಕನ್ನಡದಲ್ಲಿ ನಂಬಬಹುದಾದ ಪುಟ ಸದ್ಯಕ್ಕೆ ಅದೊಂದೇ.

ಆ ಸಾಲನ್ನು ನೀವು ಅಚ್ಚು ಹಾಕಿಸಬೇಕು. ತಪ್ಪು ಕೈಪಿಡಿಯದ್ದು ಎಂದು ಆಸ್ಪತ್ರೆಗೆ ಒಂದು ಪತ್ರ ಬರೆಯಬೇಕು. ಒಂದೇ ಸಾಲಿದ್ದರೂ ಸಾಕು. ಮತ್ತು ಪರೀಕ್ಷೆಯ ಆ ಪ್ರಶ್ನೆಗೆ ನನಗೆ ಕೊಟ್ಟ ಎರಡು ಅಂಕಗಳನ್ನು ವಾಪಸ್ ತೆಗೆದುಕೊಳ್ಳಬೇಕು.

ಇಂತಿ,
ತಪ್ಪು ಉತ್ತರ ಬರೆದು ಪಾಸಾದ
ಪದ್ಮಶ್ರೀ, ಕೊಡಿಗೇಹಳ್ಳಿ