ಸೀಕಲು ಪುಡಿ

ಲಂಗರಿನ ಮೇಲಿಂದ
ಜುಲೈ ೧೪, ೨೦೨೫

ನನ್ನ ಪ್ರೀತಿಯ ಗಗನ,

ಕಾಗದ ತಡವಾಯಿತು, ಬೈಯಬೇಡ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ. ನಿಂತಲ್ಲೇ ನಿಂತಿರುವ ಹಡಗಿನಲ್ಲಿ ಕೂತವನು ‘ಪುರುಸೊತ್ತಾಗಲಿಲ್ಲ’ ಎಂದರೆ ಮಳವಳ್ಳಿಯ ನಿನ್ನ ಶಾಲೆಯ ಮಕ್ಕಳೂ ನಂಬುವುದಿಲ್ಲ, ನೀನಂತೂ ಗಣಿತದ ಟೀಚರಮ್ಮ. ಮರೀನ್ ಇಂಜಿನಿಯರ್ ಎಂದು ಮದ್ದೂರಿನಲ್ಲಿ ಮೆರೆದವನು ನಾನು. ಈಗ ಮೆರೆಯಲೂ ಆಗದೆ ಊರನ್ನು ಮರೆಯಲೂ ಆಗದೆ ಬಿದ್ದಿದ್ದೇನೆ.

ಫೋನಿನಲ್ಲಿ ತುಂಡುತುಂಡಾಗಿ ಹೇಳಿದ್ದನ್ನು ಒಮ್ಮೆ ನೆಟ್ಟಗೆ ಹೇಳಿಬಿಡುತ್ತೇನೆ. ಈ ಹಡಗು ನನ್ನದು ಎಂದು ಒಂದು ಕಂಪನಿ, ಅಲ್ಲ ನನ್ನದು ಎಂದು ಇನ್ನೊಂದು ಕಂಪನಿ. ತೀರ್ಪು ಬರುವ ತನಕ ಕದಲಬಾರದು ಎಂದು ಇಲ್ಲಿನ ಕೋರ್ಟಿನವರು ಒಂದು ಕಾಗದವನ್ನು ಬ್ರಿಡ್ಜಿನ, ಅಂದರೆ ಚುಕ್ಕಾಣಿ ಕೋಣೆಯ, ಗಾಜಿಗೆ ಅಂಟಿಸಿ ಹೋಗಿದ್ದಾರೆ. ಇಷ್ಟು ದೊಡ್ಡ ಕಬ್ಬಿಣದ ಹಡಗನ್ನು ಹಿಡಿದಿಟ್ಟಿರುವುದು ನಾಲ್ಕು ತುಂಡು ಸೆಲ್ಲೋಟೇಪು! ದಡ ಕಾಣುತ್ತದೆ, ಮಸೀದಿ ಕಾಣುತ್ತದೆ, ಗಾಳಿ ಸರಿಯಿದ್ದರೆ ಯಾರೋ ಮೀನು ಹುರಿಯುವ ವಾಸನೆಯೂ ಬರುತ್ತದೆ. ಇಳಿಯುವ ಹಾಗಿಲ್ಲ. ಗೃಹಬಂಧನ ಕೇಳಿದ್ದೆ, ಇದು ಜಲಬಂಧನ. ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಹಡಗು ಲಂಗರಿನ ಸುತ್ತ ತಿರುಗುತ್ತದೆ. ಅದರ ಬಾಲ ದಡದ ಕಡೆ ಬಂದಾಗ ನನಗೆ ಸಿಗ್ನಲ್. ನೀನು ‘ಹಲೋ, ಹಲೋ’ ಅನ್ನುವಷ್ಟರಲ್ಲಿ ಎಮ್ಮೆ ಮಗ್ಗುಲು ಬದಲಿಸಿರುತ್ತದೆ.

ಹೆಚ್ಚಿನ ಜನರನ್ನು ಮನೆಗೆ ಕಳಿಸಿದರು. ದೀಪ ಉರಿಯಬೇಕು, ಪಂಪು ತಿರುಗಬೇಕು ಎಂದು ನಮ್ಮಷ್ಟು ಮಂದಿಯನ್ನು ಉಳಿಸಿಕೊಂಡರು. ಗ್ರೀಸಿನ ಕ್ಯಾಪ್ಟನ್ ಸ್ಟಾವ್ರೋಸ್, ಫಿಲಿಪ್ಪೀನ್ಸಿನ ಅಡುಗೆಯವನು ರೊಡೆಲ್, ಡೆಕ್ಕಿನಲ್ಲಿ ಕೆಲವರು. ಇಂಜಿನ್ ಕೋಣೆಗೆ ಕ್ರೊಯೇಷಿಯಾದ ಮಾರ್ಕೊ ಮತ್ತು ನಾನು. ಮಾಡಲು ಕೆಲಸ ಕಡಿಮೆಯಾದಾಗ ಮನುಷ್ಯ ಏನು ಮಾಡುತ್ತಾನೆ? ಕಾಫಿ ಮಾಡುತ್ತಾನೆ. ಮತ್ತು ಇನ್ನೊಬ್ಬನ ಕಾಫಿಯನ್ನು ಬೈಯುತ್ತಾನೆ.

ಇಲ್ಲಿನ ಕಾಫಿ ಜಾತಿಪದ್ಧತಿ ನಮ್ಮೂರಿನದಕ್ಕಿಂತ ಬಿಗಿ. ಕ್ಯಾಪ್ಟನ್ ಉದ್ದ ಹಿಡಿಯ ಪುಟ್ಟ ತಾಮ್ರದ ಪಾತ್ರೆಯಲ್ಲಿ ಪುಡಿಯನ್ನೂ ನೀರನ್ನೂ ಒಟ್ಟಿಗೆ ಕುದಿಸಿ ಗಸಿಯೊಂದಿಗೇ ಕುಡಿಯುತ್ತಾರೆ. ಆ ಪಾತ್ರೆಯನ್ನು ಬೇರೆಯವರು ಮುಟ್ಟಬಾರದು. ಕಪ್ಪು ತಾನೇ ತೊಳೆಯುವವನೇ ಕಪ್ತಾನ. ಬಂದರಿನೊಳಗೆ ದಾರಿ ತೋರಿಸುವ ಯಾವನೋ ಪೈಲಟ್ ಉಡುಗೊರೆ ಕೊಟ್ಟ ದುಬಾರಿ ಪುಡಿಯೊಂದು ಅವರ ಬೀರುವಿನಲ್ಲಿದೆ, ಅದನ್ನು ನಾವು ಮೂಸಿಯೂ ನೋಡಿಲ್ಲ. ಮಾರ್ಕೊನದು ಎರಡಂತಸ್ತಿನ ಅಲ್ಯೂಮಿನಿಯಂ ಪಾತ್ರೆ, ಕೆಳಗಿನಿಂದ ಮೇಲಕ್ಕೆ ಬುಸುಗುಟ್ಟಿಕೊಂಡು ಏರುವ ಕಾಫಿ. ಹಾಲು ಬೆರೆಸಿದವನನ್ನು ಅವನು ಮನುಷ್ಯನೆಂದು ಎಣಿಸುವುದಿಲ್ಲ. ರೊಡೆಲ್ ಬಿಸಿನೀರಿಗೆ ಒಂದು ಪೊಟ್ಟಣ ಹರಿದು ಸುರಿಯುತ್ತಾನೆ. ಕಾಫಿ, ಸಕ್ಕರೆ, ಹಾಲು ಮೂರೂ ಅದರಲ್ಲೇ. ಅವನನ್ನು ನಾವು ಮೂವರೂ ಕೀಳಾಗಿ ಕಾಣುತ್ತೇವೆ. ಅವನು ನಗುತ್ತ ಹೇಳುತ್ತಾನೆ, “ನೀವು ಕುಡಿಯೋದು ಕಾಫಿಯಲ್ಲ, ಜಂಬ. ನಂದೇ ಕಾಫಿ.”

ಇನ್ನು ನಾನು. ಹಿತ್ತಾಳೆ ಫಿಲ್ಟರು ಹಿಡಿದು ಈ ಜನರ ಮುಂದೆ ನಾನು ಆಡಿದ ಆಟ ನೀನು ನೋಡಬೇಕಿತ್ತು. ಸೋಸುವುದಕ್ಕಿಂತ ಸೋಗೇ ಹೆಚ್ಚು. “ನಮ್ಮ ತಾಯಿಯ ಹೋಟೆಲಿನ ಪುಡಿ, ಸೌದೆ ಒಲೆಯ ಮೇಲೆ ಕೈಯಲ್ಲಿ ಹುರಿದದ್ದು, ವಿಶೇಷ ಡಾರ್ಕ್ ರೋಸ್ಟ್, ಕೊನೆಯಲ್ಲೊಂದು ಹೊಗೆಯ ಎಳೆ ಸಿಗುತ್ತದೆ ಗಮನಿಸಿ” ಎಂದು ಕಣ್ಣು ಮುಚ್ಚಿ ಉಪನ್ಯಾಸ ಕೊಡುತ್ತಿದ್ದೆ. ಆ ಹೊಗೆಯ ಎಳೆ ಎಲ್ಲಿಂದ ಬರುತ್ತದೆಂದು ನಿನಗೂ ಗೊತ್ತು, ನನಗೂ ಗೊತ್ತು. ಅವ್ವ ಬೀಜ ಹುರಿಯಲು ಕೂರುವುದಕ್ಕೂ ನಿಂಗಯ್ಯ ಹಾಲು ತರುವುದಕ್ಕೂ ಸರಿಹೋಗುತ್ತದೆ.

“ಏನ್ಲಾ ನಿಂಗಯ್ಯ, ಆಲು ತಂದಿದ್ದೀಯೋ, ಸಿಂಸಾ ಒಳೆನೇ ತಂದಿದ್ದೀಯೋ?”

“ಒಳೇಲಿ ನೀರೆಲ್ಲೈತೆ ಅಂಕಮ್ಮಕ್ಕ? ಎಮ್ಮೆ ಕೊಟ್ಟಂಗೆ ತಂದಿವ್ನಿ ಕಣಮ್ಮ.”

“ಎಮ್ಮೆ ಮೇಲ್ಯಾಕ್ಲಾ ಆಕ್ತೀಯ? ಅದುಕ್ಕೆ ಮಾನ ಮರ್ವಾದೆ ಐತೆ. ನಿಂಗೈತಾ?”

ಎಮ್ಮೆ ಮುಗಿದ ಮೇಲೆ ನಿಂಗಯ್ಯನ ವಂಶ. ವಂಶ ಮುಗಿದ ಮೇಲೆ ನಮ್ಮ ಹಳೇ ರಸ್ತೆಯನ್ನು ಒಂಟಿ ಮಾಡಿ ಬೈಪಾಸಿನಲ್ಲಿ ಬುರ್ರೆಂದು ಹೋಗುವ ಕಾರಿನವರು. ಅವರೂ ಮುಗಿದ ಮೇಲೆ ಸಮುದ್ರದ ಮೇಲಿರುವ ನಾನು. ಅಷ್ಟರಲ್ಲಿ ಬಾಣಲೆಯ ತಳ ಹಿಡಿದಿರುತ್ತದೆ. “ಅಯ್ಯೋ, ಸೀದೋಯ್ತಲ್ಲೋ ನಿನ್ ಮನೆ ಕಾಯ್ವಾಗ!” ಗಬಗಬ ಇಳಿಸಿ, ಸೀದದ್ದನ್ನೂ ಸೇರಿಸಿಯೇ ಬೀಸುತ್ತಾಳೆ. ಎಸೆಯುವ ಪೈಕಿಯಲ್ಲ ಅವಳು. ಇದೇ ನಮ್ಮ ವಿಶೇಷ ಡಾರ್ಕ್ ರೋಸ್ಟ್! ಆದರೆ ಗಗನ, ಸುಳ್ಳಲ್ಲ, ಆ ಸೀಕಲಿಲ್ಲದ ಕಾಫಿ ನನಗೆ ಕಾಫಿಯೇ ಅಲ್ಲ. “ನೂರು ಲೋಟದ ನಡುವೆ ಇಡಿ, ಕಣ್ಣು ಕಟ್ಟಿ, ನಮ್ಮವ್ವನ ಕಾಫಿಯನ್ನು ನಾನು ಹಿಡಿಯುತ್ತೇನೆ” ಎಂದು ಮೆಸ್ಸಿನಲ್ಲಿ ಎಷ್ಟು ಸಲ ಕೊಚ್ಚಿಕೊಂಡಿದ್ದೆನೋ.

ಇಂಜಿನ್ ಕೋಣೆಯಲ್ಲಿ ಒಂದು ಪದ್ಧತಿಯಿದೆ. ಒಬ್ಬನ ವಾಚ್, ಅಂದರೆ ಪಾಳಿ, ಮುಗಿದು ಇನ್ನೊಬ್ಬ ಇಳಿದು ಬರುವಾಗ, ಮುಗಿಸಿದವನು ಬರುವವನಿಗೆ ಕಾಫಿ ಮಾಡಿಟ್ಟಿರಬೇಕು. ತನ್ನ ರುಚಿಗಲ್ಲ, ಬರುವವನ ರುಚಿಗೆ. ಹೀಗಾಗಿ ನಾನು ಮಾರ್ಕೊನ ಬುಸುಗುಟ್ಟುವ ಪಾತ್ರೆ ಕಲಿತೆ, ಮಾರ್ಕೊ ನಮ್ಮ ಫಿಲ್ಟರು ಕಲಿತ. ಅವನ ಮಾತನ್ನು ನಮ್ಮ ಭಾಷೆಗೆ ಇಳಿಸಿದರೆ ಹೀಗೆ: “ಲೇ ಜೆಪಿ, ನಿಂದು ಕಾಫಿಯಲ್ಲ ಕಣ್ಲಾ, ಕಸಾಯ. ಕುಡ್ದು ಸಾಯಿ.” ಹೇಳುತ್ತಲೇ ಡಿಕಾಕ್ಷನ್ ಸರಿಯಾಗಿ ಇಳಿದಿದೆಯೇ ಎಂದು ಬಗ್ಗಿ ನೋಡುತ್ತಾನೆ. ಈ ಕಬ್ಬಿಣದ ಡಬ್ಬದೊಳಗೆ ನನಗೆ ತಲೆ ಕೆಡದೆ ಉಳಿದಿದ್ದರೆ ಅದಕ್ಕೆ ಆ ಲೋಟ ಕಾರಣ.

ಈಗ ಅಸಲು ಸುದ್ದಿ. ಹೋದ ವಾರ ತರಕಾರಿ ತರುವ ಲಾಂಚಿನಲ್ಲಿ ಏಜೆಂಟ್ ಬಂದ. ಕೋರ್ಟು ಕನಿಕರ ತೋರಿಸಿದೆಯಂತೆ: ಇಬ್ಬರು ಇಂಜಿನಿಯರುಗಳಲ್ಲಿ ಒಬ್ಬ ಮನೆಗೆ ಹೋಗಬಹುದು, ಇನ್ನೊಬ್ಬ ಕೇಸು ಮುಗಿಯುವ ತನಕ ಇರಲೇಬೇಕು. ಕೇಸು ಎಂದು ಮುಗಿಯುತ್ತದೆ ಎಂದು ಕೇಳಿದ್ದಕ್ಕೆ ಅವನು ಆಕಾಶ ನೋಡಿದ. ಕ್ಯಾಪ್ಟನ್ ಕೈ ತೊಳೆದುಕೊಂಡರು: “ನೀವಿಬ್ಬರೇ ತೀರ್ಮಾನ ಮಾಡಿ. ನಾಳೆಯೊಳಗೆ ಹೆಸರು ಬೇಕು.”

ಇಬ್ಬರಿಗೂ ಹೋಗಬೇಕು. ಮಾರ್ಕೊನ ಹೆಂಡತಿ ಹೆತ್ತ ಮಗು ಈಗ ಅಂಬೆಗಾಲಿಡುತ್ತಿದೆ, ಅವನು ಅದನ್ನು ಎತ್ತಿಕೊಂಡಿಲ್ಲ. ನನಗೆ ನೀನು, ಮಗಳು ದೀಪಿಕ, ಮತ್ತು ಅವ್ವ. ನಾನು ಹೊರಟಾಗಲೇ ಅವಳಿಗೆ ಕೆಮ್ಮಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರಿಗೂ, “ಓಗು, ಮೀನಿನ್ ಜೊತೆನೇ ಸಂಸಾರ ಮಾಡು. ನೀ ಬರಾಗಂಟ ನಾ ಒಲೆ ಆರ್ಸಲ್ಲ, ನೋಡ್ತಿರು” ಎಂದಿದ್ದಳು. ಆ ಒಲೆಯ ಮುಂದಿನ ಬೆಂಚಿನ ಮೇಲೆ ಕೂತು ಒಮ್ಮೆ ಹೊಟ್ಟೆ ತುಂಬ ಬೈಸಿಕೊಳ್ಳಬೇಕು. ನನಗೆ ಬೇಕಾದದ್ದು ಅಷ್ಟೇ. ಫೋನಿನಲ್ಲಿ ಅದೂ ಆಗುತ್ತಿಲ್ಲ. ಯುಗಾದಿಯಿಂದ ಈಚೆಗೆ, ನೀನು ಹೇಳುವ ಪ್ರಕಾರ, ಅವ್ವ ಮಂತ್ರಿಗಳ ಹಾಗೆ ಪ್ರವಾಸದಲ್ಲಿದ್ದಾಳೆ: ಒಮ್ಮೆ ಮಳವಳ್ಳಿಗೆ ತಮ್ಮನ ಮನೆಗೆ ಹೋಗಿದ್ದಾಳೆ, ಒಮ್ಮೆ ಚಿಕ್ಕರಸಿನಕೆರೆ ದೇವಸ್ಥಾನಕ್ಕೆ, ಒಮ್ಮೆ ನಿದ್ದೆ.

ಪಂದ್ಯ ಕಟ್ಟಿದವನು ಮಾರ್ಕೊ. “ನೂರು ಲೋಟ ಬೇಡ ಕಣ್ಲಾ, ಐದು ಸಾಕು. ನಿನ್ನ ಕಾಫಿ ನೀನು ಹಿಡಿ, ನನ್ನದು ನಾನು. ತಪ್ಪಿದವನು ಇಲ್ಲೇ ಇರಲಿ. ಇಬ್ಬರೂ ಹಿಡಿದರೆ ನಾಣ್ಯ ಚಿಮ್ಮೋಣ.” ನನಗೆ ಒಳಗೇ ನಗು. ಕೊಚ್ಚಿಕೊಂಡ ಬಾಯಿಗೆ ಬೇಡ ಎನ್ನಲೂ ಬರುವುದಿಲ್ಲ, ಸೋಲುತ್ತೇನೆಂಬ ಅಂಜಿಕೆಯೂ ಇರಲಿಲ್ಲ.

ರೊಡೆಲ್ ಐದು ಲೋಟ ಮಾಡಿಟ್ಟ, ಎಲ್ಲವೂ ಹಾಲಿಲ್ಲದ್ದು. ಯಾರ ಕಾಫಿ ಇದೆ, ಯಾರದು ಇಲ್ಲ ಎಂದು ಹೇಳುವುದಿಲ್ಲ ಎಂದ. ‘ನನ್ನದು ಇಲ್ಲ’ ಎನ್ನುವುದೂ ಉತ್ತರವೇ. ಕಣ್ಣಿಗೆ ಟವೆಲು ಕಟ್ಟಿದರು. ಮಾರ್ಕೊ ಕುಡಿಯಲೂ ಇಲ್ಲ, ಮೂಸಿಯೇ ತನ್ನದನ್ನು ತೋರಿಸಿದ. ನನ್ನ ಸರದಿ. ಒಂದರಲ್ಲಿ ಕ್ಯಾಪ್ಟನ್ನರ ಗಸಿ, ನಾಲಿಗೆಗೆ ಮರಳಿನ ಹಾಗೆ ಸಿಕ್ಕಿತು. ಒಂದು ಮಾರ್ಕೊನದು. ಒಂದು ರೊಡೆಲ್ ಮಾಡಿದ ತುಂಟತನ, ಬರೀ ಸುಟ್ಟ ಬ್ರೆಡ್ಡಿನ ನೀರು. ಒಂದು ಮೆಸ್ಸಿನ ಚೀಲದ ಪುಡಿ. ಉಳಿದದ್ದು ಬಹಳ ಚೆನ್ನಾಗಿತ್ತು, ಗಗನ. ನುಣುಪು. ಒಂದೊಂದು ಬೀಜವೂ ಒಂದೇ ಬಣ್ಣಕ್ಕೆ ಬಂದ ಮೇಲೆ ಇಳಿಸಿದ ಹಾಗಿತ್ತು. ಹೊಗೆಯಿಲ್ಲ, ಕಹಿ ಕೂಡ ಹದ. ನಾನು ಲೋಟ ಕೆಳಗಿಟ್ಟು ಘೋಷಿಸಿದೆ: “ಇದು ಕ್ಯಾಪ್ಟನ್ ಬಚ್ಚಿಟ್ಟಿರುವ ದುಬಾರಿ ಪುಡಿ. ನಮ್ಮ ಮನೆಯದು ಇದರಲ್ಲಿ ಇಲ್ಲ.”

ಟವೆಲು ಬಿಚ್ಚಿದೆ. ಮೇಜಿನ ಮೇಲೆ ನಮ್ಮ ಸ್ಟೀಲ್ ಡಬ್ಬಿ, ಮುಚ್ಚಳದ ಸುತ್ತ ನೀನು ಸುತ್ತಿದ ಟೇಪು, ದೀಪಿಕ ಬಿಡಿಸಿದ ಹಡಗಿನ ಚಿತ್ರ. ರೊಡೆಲ್ ತಪ್ಪು ಮಾಡಿದವನಂತೆ ಹೇಳಿದ, “ಹಳೇದು ಖಾಲಿಯಾಗಿತ್ತು. ಇದು ನಿನ್ನೆ ಲಾಂಚಿನಲ್ಲಿ ಬಂತು. ಇದನ್ನೇ ಒಡೆದೆ.”

ಮಾರ್ಕೊ ಲೋಟ ಎತ್ತಿ ತಾನೂ ಕುಡಿದು ನೋಡಿದ. ಅವನಿಗೂ ತಿಳಿಯಿತು, ಇಷ್ಟು ತಿಂಗಳು ನನಗೆ ಮಾಡಿಕೊಟ್ಟವನಲ್ಲವೇ. “ಇದು ಬೇರೆ ಕಣ್ಲಾ. ಈ ಗೆಲುವು ಲೆಕ್ಕಕ್ಕಿಲ್ಲ. ನಾಣ್ಯ ಚಿಮ್ಮೋಣ ಬಾ” ಎಂದ. ಹಿಡಿಯಲಾಗದವನು ಇಲ್ಲೇ ಇರಬೇಕು ಎಂಬುದೇ ಮಾತಾಗಿತ್ತು, ನಾನು ಹಿಡಿಯಲಿಲ್ಲ ಎಂದೆ. ನಾನೇ ಬ್ರಿಡ್ಜಿಗೆ ಹೋಗಿ ಅವನ ಹೆಸರು ಕೊಟ್ಟು ಬಂದೆ.

ಈ ಕಾಗದ ಅವನ ಜೇಬಿನಲ್ಲಿ ಬರುತ್ತದೆ, ವಿಮಾನ ನಿಲ್ದಾಣದಲ್ಲಿ ಅಂಚೆಗೆ ಹಾಕುತ್ತಾನೆ. ತನ್ನ ಎರಡಂತಸ್ತಿನ ಪಾತ್ರೆಯನ್ನು ನನಗೇ ಬಿಟ್ಟು ಹೋಗುತ್ತಿದ್ದಾನೆ. ನಾಳೆಯಿಂದ ವಾಚ್ ಮುಗಿದರೂ ಇಳಿದು ಬರುವವನಿಲ್ಲ. ಯಾರ ರುಚಿಗೆ ಮಾಡಿಡಬೇಕೋ ತಿಳಿಯದು. ಪದ್ಧತಿ ಬಿಡಬಾರದೆಂದು ನನ್ನ ರುಚಿಗೇ ಒಂದು ಲೋಟ ಮಾಡಿಟ್ಟು, ಮೇಲೆ ಹೋಗಿ, ಮತ್ತೆ ಇಳಿದು ಬಂದು ನಾನೇ ಕುಡಿಯಬೇಕು.

ನೀನು ಬಸ್ಸಿನಲ್ಲಿ ನಿಂತು ಮಳವಳ್ಳಿಗೆ ಹೋಗಬೇಡ, ಒಂದು ಬಸ್ಸು ಬಿಟ್ಟರೂ ಸರಿ, ಸೀಟು ಹಿಡಿ. ದೀಪಿಕಳ ಹಡಗನ್ನು ಹಾಸಿಗೆಯ ತಲೆಯ ಹತ್ತಿರ ಅಂಟಿಸಿದ್ದೇನೆ. ಅವಳ ಹಡಗಿಗೆ ಲಂಗರಿಲ್ಲ, ಜಾಣೆ. ಅವಳ ಬಾಳು ಹಾಗೇ ತೇಲುತ್ತ ದಡ ಮುಟ್ಟಲಿ. ನಿಂಗಯ್ಯನ ಎಮ್ಮೆಗೂ ಒಳ್ಳೆಯದಾಗಲಿ.

ನಿನ್ನ,
ಜಯಪ್ರಕಾಶ

ಸಹಿ ಹಾಕಿದ ಮೇಲೆ:

ಎಲ್ಲರನ್ನೂ ಹರಸಿ ಅವ್ವನಿಗೆ ಒಂದು ನಮಸ್ಕಾರ ಬರೆಯಲಿಲ್ಲ ಎಂಬುದು ನಿನ್ನ ಕಣ್ಣಿಗೆ ಬಿದ್ದಿರುತ್ತದೆ. ಆ ಪುಡಿ ಹುರಿಯುವಾಗ ಅಲ್ಲಿ ಯಾರೂ ಯಾರನ್ನೂ ಬೈದಿಲ್ಲ, ಗಗನ. ಟವೆಲು ಬಿಚ್ಚಿ ನಿನ್ನ ಟೇಪು ನೋಡಿದಾಗಲೇ ನನಗೆ ಗೊತ್ತಾಯಿತು. ಒಲೆಯ ಮುಂದೆ ನೀನು ಒಬ್ಬಳೇ ಕೂತು, ಲೆಕ್ಕ ತಪ್ಪದ ಹಾಗೆ ಕೈಯಾಡಿಸಿ, ಹದಕ್ಕೆ ಇಳಿಸಿದ್ದೀಯ. ನಿಂಗಯ್ಯ ಹಾಲು ಇಟ್ಟು ಸುಮ್ಮನೆ ಹೋಗಿರಬೇಕು.

ಅವ್ವ ಹೋದದ್ದು ಯುಗಾದಿಗೆ ಮುಂಚೆಯೋ, ಆಮೇಲೆಯೋ? ಬೇಡ, ಫೋನಿನಲ್ಲಿ ಹೇಳಬೇಡ. ಅರ್ಧದಲ್ಲಿ ಸಿಗ್ನಲ್ ಹೋದರೆ ಉಳಿದರ್ಧವನ್ನು ನಾನು ಇಲ್ಲಿ ಹೇಗೆ ಕಳೆಯಲಿ? ನೀನು ಮುಚ್ಚಿಟ್ಟದ್ದಕ್ಕೆ ನನಗೆ ಕೋಪವಿಲ್ಲ. ಕಟ್ಟಿಹಾಕಿದವನಿಗೆ ಓಡಿ ಬಾ ಎಂದು ಕೂಗಿ ಏನು ಬಂತು? ಒಲೆ ಆರದಂತೆ ನೋಡಿಕೊಂಡೆಯಲ್ಲ, ಅಷ್ಟು ಸಾಕು.

ಮುಂದಿನ ಡಬ್ಬಿಗೆ ಹುರಿಯುವಾಗ ಮಾತ್ರ ನನ್ನನ್ನು ಬೈದುಕೊಂಡು ಹುರಿ. ಸಮುದ್ರಕ್ಕೆ ಹೋದದ್ದಕ್ಕೆ ಬೈ, ಬಾರದೆ ಹೋದದ್ದಕ್ಕೆ ಬೈ, ಬಾಯಿಗೆ ಬಂದದ್ದೆಲ್ಲ ಬೈ. ಸ್ವಲ್ಪ ತಳ ಹಿಡಿಯಲಿ.