ಚಳಿಯಲ್ಲಿ ಹಸಿ ಗೋಣಿ

22-11-2006, ಬುಧವಾರ

ನಾಳೆ ಅರ್ಥಶಾಸ್ತ್ರದ ಪರೀಕ್ಷೆ. ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವುದೂ ನಾಳೆಯೇ. ಹಣ್ಣಾದದ್ದನ್ನು ಆಗಿಂದಾಗಲೇ ಆರಿಸಿ ಬಿದಿರು ಹೆಣೆದ ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ ನೂಲು ಸುತ್ತಿಕೊಂಡು ಗೂಡು ಕೆಡುತ್ತದೆ. ಮೊದಲಾದರೆ ಬೀದಿಯ ಹುಡುಗಿಯರೆಲ್ಲ ಬರುತ್ತಿದ್ದರು. ಈಗ ಅವರು ಬೆಳಕು ಹರಿಯುವ ಮೊದಲೇ ಬಿಡದಿಗೆ ಫ್ಯಾಕ್ಟರಿ ವ್ಯಾನು ಹತ್ತುತ್ತಾರೆ. ಉಳಿದದ್ದು ಅವ್ವ, ನಾನು.

"ಪರೀಕ್ಷೆ ಮುಂದಿನ್ ಸಲ ಬರೀತೀನಿ ಬುಡವ್ವ" ಎಂದೆ ಸಂಜೆ.

"ಓದ್ಕೋ ಹೋಗು" ಎಂದಳು, ಅಷ್ಟೇ.

ಅವಕಾಶ ವೆಚ್ಚ ಓದುತ್ತಾ ಕೂತೆ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದೇ ಅದರ ವೆಚ್ಚ. ಮೇಷ್ಟ್ರು ಬರೆಸಿದ ಉದಾಹರಣೆ ಬಂದೂಕು ಮತ್ತು ಬೆಣ್ಣೆ. ನಮ್ಮ ಬೈರಮಂಗಲದಲ್ಲಿ ಯಾರ ಮನೆಯಲ್ಲಿದೆಯೋ ಬಂದೂಕು!

ನೀರು ಕುಡಿಯಲು ಎದ್ದರೆ ಅವ್ವ ಹುಳುಮನೆಯ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟುತ್ತಿದ್ದಳು. ಅದು ಬೇಸಿಗೆಯ ಕೆಲಸ. ಹೊರಗೆ ಜಡಿಮಳೆ, ಮೈ ನಡುಗುವ ಚಳಿ.

"ಈ ತ್ಯಾವಕ್ಕೆ ಸುಣ್ಣಕಟ್ಟು ಬಂದ್ಬುಟ್ರೆ?" ಎಂದೆ. ಆ ರೋಗ ಬಂದರೆ ಹುಳು ಬಳಪದಂತೆ ಬೆಳ್ಳಗೆ ಸೆಟೆದು ಸಾಯುತ್ತದೆ, ಇಡೀ ಮನೆಯ ಬೆಳೆ ಹೋಗುತ್ತದೆ. ನನಗಿಂತ ಅವಳಿಗೇ ಅದು ಚೆನ್ನಾಗಿ ಗೊತ್ತು.

"ಬಂದ್ರೆ ಬತ್ತದೆ. ತಂಪಿಗೆ ಒಸಿ ತಡ್ವಾಗಿ ಹಣ್ಣಾಯ್ತವೆ. ನೀನು ಬರ್ದ್ಬುಟ್ಟು ಮದ್ಯಾನದ್ ಬಸ್ಸಿಗೆ ಬಾ" ಎಂದಳು, ತಿರುಗಿ ನೋಡದೆ.

ಹಣ್ಣಾದ ಹುಳು ಸೊಪ್ಪು ಮುಟ್ಟುವುದಿಲ್ಲ. ಗೋಡೆಯಾಚೆ ಮೇಯುವ ಸದ್ದು ಇನ್ನೂ ಕೇಳುತ್ತಿದೆ. ಪುಸ್ತಕ ಮುಚ್ಚಿಟ್ಟು ಅದನ್ನೇ ಕೇಳುತ್ತಾ ಕೂತಿದ್ದೇನೆ, ಬೆಳಗಾಗುವ ಮೊದಲೇ ಎಲ್ಲಿ ನಿಂತುಬಿಡುತ್ತದೋ ಎಂದು.